ಜಗಲಿ, ಕಿಟಕಿ ಮತ್ತು ಒಂದು ಸ್ಲೇಟು

ಥರ್ಡ್ ಸೆಮ್ ರಿಸಲ್ಟ್ ಬಂದ ದಿನ ನಮ್ಮ ಹಾಸ್ಟೆಲ್ ಫ್ಲೋರಿನಲ್ಲಿ ಒಂದು ರೂಮಿನ ಬಾಗಿಲು ಮುಚ್ಚಿಕೊಂಡಿತು. ನಮ್ಮ ಗುಂಪಿನ ಗೆಳೆಯನಿಗೆ ಮ್ಯಾಥ್ಸೂ ಸೇರಿ ಮೂರು ಬ್ಯಾಕ್‌ಲಾಗ್. ಮೂರು ದಿನ ಅವನು ಮೆಸ್ಸಿಗೆ ಬರಲಿಲ್ಲ. ನಾವು ಬಾಗಿಲು ತಟ್ಟಿದ್ವಿ, ಮೆಸೇಜ್ ಹಾಕಿದ್ವಿ, ಉತ್ತರ ಬರದೇ ಇದ್ದಾಗ ನಮ್ಮ ಪಾಡಿಗೆ ನಾವು ವಾಪಸ್ ಬಂದ್ವಿ. ನಾಲ್ಕನೇ ದಿನ ಗುಂಪಿನ ಇನ್ನೊಬ್ಬನ ಅಕ್ಕನ ಮದುವೆಗೆ ಎಲ್ಲರೂ ತಂಜಾವೂರಿಗೆ ಹೋಗಬೇಕಿತ್ತು. ಟಿಕೆಟ್ ಮೊದಲೇ ಬುಕ್ ಆಗಿತ್ತು. ಅವನನ್ನೂ ಹೆಚ್ಚು ಕಡಿಮೆ ಎಳೆದುಕೊಂಡೇ ರೈಲು ಹತ್ತಿದ್ವಿ. ಮದುವೆ ಮುಗಿದ ಮೇಲೆ ಅರ್ಧ ದಿನ ಉಳಿದಿತ್ತು. ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಕುಂಭಕೋಣಂಗೆ ಬಸ್ಸಿನಲ್ಲಿ ಹೋಗಿ ಒಂದು ಮನೆ ನೋಡಿಕೊಂಡು ಬಂದ್ವಿ. ಈ ಲೇಖನ ಆ ಮನೆಯ ಬಗ್ಗೆ, ಅದರಲ್ಲಿ ಬೆಳೆದ ಶ್ರೀನಿವಾಸ ರಾಮಾನುಜನ್ ಅವರ ಬಗ್ಗೆ. (ಗೆಳೆಯ ಇದನ್ನ ಓದಿ ಓಕೆ ಅಂದ ಮೇಲೇ ಹಾಕ್ತಿದ್ದೀವಿ.)

ಕುಂಭಕೋಣಂ ನಮಗೆ ಪೂರ್ತಿ ಪರಊರೇನಲ್ಲ. ತಲಕಾವೇರಿಯಲ್ಲಿ ಹುಟ್ಟಿ ಕೆಆರ್‌ಎಸ್ ದಾಟಿ ಹೋಗುವ ನಮ್ಮ ಕಾವೇರಿಯೇ ಅಲ್ಲೂ ಹರಿಯುತ್ತಾಳೆ. ಊರಿನ ತುಂಬಾ ದೇವಸ್ಥಾನಗಳು. ಅವುಗಳಲ್ಲಿ ದೊಡ್ಡದೊಂದು ಸಾರಂಗಪಾಣಿ ದೇವಸ್ಥಾನ. ಅದರ ಎತ್ತರದ ಗೋಪುರದ ಎದುರಿಗೆ ಸಾಗುವ ಬೀದಿಯೇ ಸಾರಂಗಪಾಣಿ ಸನ್ನಿಧಿ ಬೀದಿ. ರಾಮಾನುಜನ್ ಮನೆ ಇರುವುದು ಈ ಬೀದಿಯಲ್ಲಿ.

ಸಿವಿಲ್ ಬ್ರಾಂಚಿನವರಿಗೆ ಈ ಥರದ ಮನೆಗಳು ಇಷ್ಟ ಆಗುತ್ತವೆ. ಹಳೆಯ ಅಗ್ರಹಾರದಲ್ಲಿ ಮನೆಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಮುಂಭಾಗದ ಅಗಲ ಕಡಿಮೆ, ಹಿಂದಕ್ಕೆ ಉದ್ದ ಜಾಸ್ತಿ. ದೇವಸ್ಥಾನದ ಬೀದಿಗೆ ಮುಖ ಮಾಡುವ ಜಾಗ ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಿಗಬೇಕಲ್ಲ, ಅದಕ್ಕೆ. ಅಕ್ಕಪಕ್ಕ ಗೋಡೆಗಳಿರುವುದರಿಂದ ಬದಿಗೆ ಕಿಟಕಿ ಇಡಲು ಆಗುವುದಿಲ್ಲ. ಗಾಳಿ ಬೆಳಕು ಬೀದಿಯಿಂದ, ಹಿತ್ತಿಲಿನಿಂದ ಬರಬೇಕು. ದೊಡ್ಡ ಮನೆಗಳಾದರೆ ನಮ್ಮ ತೊಟ್ಟಿ ಮನೆಗಳ ಹಾಗೆ ನಡುವೆ ಆಕಾಶಕ್ಕೆ ತೆರೆದ ಅಂಗಳ ಇರುತ್ತದೆ. ಎದುರಿಗೆ ಇಳಿಜಾರಾದ ಹೆಂಚಿನ ಮಾಡು, ಅದರ ನೆರಳಲ್ಲಿ ಒಂದು ಎತ್ತರದ ಕಟ್ಟೆ. ತಮಿಳಿನಲ್ಲಿ ಅದಕ್ಕೆ ತಿಣ್ಣೈ ಅಂತಾರೆ, ನಾವು ಜಗಲಿ ಅಂತೀವಿ. ಮೇಲುಕೋಟೆಯ ಹಳೆ ಬೀದಿಗಳಲ್ಲಿ ಓಡಾಡಿದವರಿಗೆ ಇದು ಹೊಸದಲ್ಲ.

ರಾಮಾನುಜನ್ ಮನೆ ಈ ಜಾತಿಯ ಚಿಕ್ಕ ಮನೆ. ಒಂದೇ ಅಂತಸ್ತು. ಮುಂದೆ ಜಗಲಿ, ಒಳಗೆ ಬೀದಿಗೆ ಕಿಟಕಿ ಇರುವ ಒಂದು ಪುಟ್ಟ ಕೋಣೆ, ಅದರಲ್ಲಿ ಹಳೆಯ ಮಂಚ. ಆಮೇಲೆ ಹಜಾರ, ಅಡುಗೆ ಮನೆ, ಹಿಂದೆ ಬಾವಿ. ಅಷ್ಟೇ. ನೋಡಿ ಮುಗಿಸಲು ಹತ್ತು ನಿಮಿಷ ಸಾಕು. ಓದುವ ಕೋಣೆ ಎಲ್ಲಿ ಅಂತ ನಾವು ಹುಡುಕಿದ್ವಿ. ಅಂಥದ್ದು ಆ ಮನೆಯಲ್ಲಿ ಇಲ್ಲ.

ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನ ತಾಯಿಯ ತವರಿನಲ್ಲಿ. ಬೆಳೆದದ್ದು ಕುಂಭಕೋಣಂನಲ್ಲಿ. ತಂದೆ ಶ್ರೀನಿವಾಸ ಅಯ್ಯಂಗಾರ್ ಸೀರೆ ಅಂಗಡಿಯಲ್ಲಿ ಗುಮಾಸ್ತರು, ತಿಂಗಳಿಗೆ ಸುಮಾರು 20 ರೂಪಾಯಿ ಸಂಬಳ. ತಾಯಿ ಕೋಮಲತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡಿ ಸ್ವಲ್ಪ ಹಣ ತರುತ್ತಿದ್ದರು. ಎರಡು ವರ್ಷದ ಮಗುವಿಗೆ ಸಿಡುಬು ಬಂತು, ಬದುಕಿತು. ರಾಮಾನುಜನ್ ನಂತರ ಹುಟ್ಟಿದ ಮೂರು ಮಕ್ಕಳು ಶೈಶವದಲ್ಲೇ ತೀರಿಕೊಂಡರು. ಈ ಮಗನ ಮೇಲೆ ತಾಯಿಗೆ ಎಷ್ಟು ಜೀವ ಅಂತ ಇದರಿಂದಲೇ ತಿಳಿಯುತ್ತದೆ.

ಸಂಬಳ ಸಾಲದೆ ಆ ಪುಟ್ಟ ಮನೆಯಲ್ಲೇ ಇಬ್ಬರು ಕಾಲೇಜು ಹುಡುಗರನ್ನು ಊಟ ವಸತಿಗೆ ಇಟ್ಟುಕೊಂಡರು. ಈಗಿನ ಭಾಷೆಯಲ್ಲಿ ಪಿಜಿ. ಮನೆಯಲ್ಲಿ ಮರೆ ಅನ್ನುವುದೇ ಇಲ್ಲದ್ದರಿಂದ ಅವರ ಗಣಿತವೆಲ್ಲ ಹುಡುಗನ ಕಿವಿಗೆ ಬೀಳುತ್ತಿತ್ತು. ಹನ್ನೊಂದು ವಯಸ್ಸಿಗೆಲ್ಲ ಅವರಿಗೆ ಗೊತ್ತಿದ್ದ ಗಣಿತ ಇವರಿಗೂ ಗೊತ್ತಾಯಿತು. ಹದಿಮೂರಕ್ಕೆ ಲೋನಿಯವರ ಟ್ರಿಗನಾಮೆಟ್ರಿ ಪುಸ್ತಕ ಮುಗಿಯಿತು. 1903ರಲ್ಲಿ ಕಾರ್ ಎನ್ನುವವರ ಪುಸ್ತಕವೊಂದು ಕೈಗೆ ಬಂತು. ಅದರಲ್ಲಿ ಸುಮಾರು 5000 ಸೂತ್ರಗಳು, ಸಾಧನೆ ಮಾತ್ರ ಬಹಳ ಕಡಿಮೆ. ಅದು ಇಂಗ್ಲೆಂಡಿನ ವಿದ್ಯಾರ್ಥಿಗಳು ಪರೀಕ್ಷೆ ಪಾಸಾಗಲಿ ಅಂತ ಕೋಚಿಂಗ್ ಕೊಡುತ್ತಿದ್ದ ಮೇಷ್ಟ್ರು ಬರೆದ ಪುಸ್ತಕ, ನಮ್ಮ ಎಕ್ಸಾಂ ಗೈಡ್ ಥರದ್ದು. ತಮಾಷೆ ಏನಂದ್ರೆ, ಈ ಗೈಡ್ ಕೈಗೆ ಬಂದ ಮೇಲೇ ರಾಮಾನುಜನ್ ಪರೀಕ್ಷೆಗಳಲ್ಲಿ ಫೇಲಾಗಲು ಶುರು ಮಾಡಿದ್ದು.

1904ರಲ್ಲಿ ಟೌನ್ ಹೈಸ್ಕೂಲಿನಿಂದ ಗಣಿತದ ಬಹುಮಾನದೊಂದಿಗೆ ಹೊರಬಂದರು. ಕಾವೇರಿ ದಡದ ಸರ್ಕಾರಿ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಸಿಕ್ಕಿತು. ಅಲ್ಲಿ ಎಲ್ಲಾ ಕ್ಲಾಸಿನಲ್ಲೂ ಗಣಿತವನ್ನೇ ಮಾಡುತ್ತಾ ಕೂತರು. ಇಂಗ್ಲಿಷಿನಲ್ಲಿ ಫೇಲ್, ಸ್ಕಾಲರ್‌ಶಿಪ್ ಹೋಯಿತು. ಒಂದು ಅವಧಿಗೆ 32 ರೂಪಾಯಿ ಫೀಸು, ಅಂದರೆ ಅಪ್ಪನ ಒಂದೂವರೆ ತಿಂಗಳ ಸಂಬಳಕ್ಕಿಂತ ಹೆಚ್ಚು. 1905ರಲ್ಲಿ ಹುಡುಗ ಯಾರಿಗೂ ಹೇಳದೆ ರೈಲು ಹತ್ತಿ ವಿಶಾಖಪಟ್ಟಣಕ್ಕೆ ಹೋಗಿಬಿಟ್ಟರು. ಮನೆಯವರು ಪತ್ರಿಕೆಯಲ್ಲಿ ಕಾಣೆಯಾದ ಸುದ್ದಿ ಹಾಕಿಸಬೇಕಾಯಿತು. ಆಗ ಅವರಿಗೆ ಹದಿನೇಳು, ನಮಗಿಂತ ಎರಡು ವರ್ಷ ಚಿಕ್ಕವರು.

ವಾಪಸ್ ಬಂದರು. 1906ರಲ್ಲಿ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜು ಸೇರಿದರು. ಅಲ್ಲಿ ಶರೀರಶಾಸ್ತ್ರವೂ ಒಂದು ಸಬ್ಜೆಕ್ಟು, ಅದು ತಲೆಗೆ ಹತ್ತಲೇ ಇಲ್ಲ. ಎಫ್‌ಎ ಪರೀಕ್ಷೆ, ಅಂದರೆ ಸುಮಾರು ಈಗಿನ ಪಿಯುಸಿ ಮಟ್ಟದ್ದು. 1906ರಲ್ಲಿ ಫೇಲ್, 1907ರಲ್ಲಿ ಮತ್ತೆ ಕಟ್ಟಿ ಮತ್ತೆ ಫೇಲ್. ಅಲ್ಲಿಗೆ ಕಾಲೇಜು ಮುಗಿಯಿತು. ಡಿಗ್ರಿ ಇಲ್ಲ, ಕೆಲಸ ಇಲ್ಲ, ದುಡ್ಡಿಲ್ಲ.

ಆಮೇಲಿನ ಸುಮಾರು ಮೂರು ವರ್ಷದ ಕಥೆಗೆ ಆ ಜಗಲಿಯೇ ಬೇಕು. ರಾಮಾನುಜನ್ ಕಾಲು ಮಡಚಿ ಜಗಲಿಯ ಮೇಲೆ ಕೂರುತ್ತಿದ್ದರು. ತೊಡೆಯ ಮೇಲೆ ದೊಡ್ಡ ಸ್ಲೇಟು. ಕಾಗದ ಕೊಳ್ಳುವಷ್ಟು ಹಣವಿಲ್ಲ, ಅದಕ್ಕೆ ಲೆಕ್ಕ ಎಲ್ಲಾ ಸ್ಲೇಟಿನ ಮೇಲೆ. ಬಟ್ಟೆ ತಗೊಂಡು ಒರೆಸಿದರೆ ಟೈಮ್ ವೇಸ್ಟ್ ಅಂತ ಮೊಣಕೈಯಲ್ಲೇ ಒರೆಸಿ ಒರೆಸಿ ಮೊಣಕೈ ಕಪ್ಪಾಗಿ ಒರಟಾಗಿತ್ತಂತೆ. ಕೊನೆಯ ಉತ್ತರ ಮಾತ್ರ ನೋಟ್‌ಬುಕ್ಕಿಗೆ ಹೋಗುತ್ತಿತ್ತು. ಸ್ಟೆಪ್ಸ್ ಎಲ್ಲಾ ಸ್ಲೇಟಿನ ಧೂಳಾಗಿ ಹೋದವು. ಹೀಗೆ ಬರೆದಿಟ್ಟ ನೋಟ್‌ಬುಕ್ಕುಗಳಲ್ಲಿ 3000ಕ್ಕೂ ಹೆಚ್ಚು ಫಲಿತಾಂಶಗಳಿವೆ, ಬಹುಪಾಲಿಗೆ ಸಾಧನೆ ಇಲ್ಲ. ಅವನ್ನೆಲ್ಲ ಸಾಧಿಸಿ ತೋರಿಸಲು ಮುಂದೆ ಗಣಿತಜ್ಞರಿಗೆ ದಶಕಗಳೇ ಬೇಕಾದವು. ಅದರಲ್ಲಿ ನಮ್ಮ ಮೈಸೂರಿನ ಪಾಲೂ ಇದೆ. ಎರಡನೇ ನೋಟ್‌ಬುಕ್ಕಿನ 16ನೇ ಅಧ್ಯಾಯವನ್ನು ಅಮೆರಿಕದ ಬ್ರೂಸ್ ಬರ್ನ್ಟ್ ಜೊತೆ ಸೇರಿ ಬಿಡಿಸಿ 1985ರಲ್ಲಿ ಪ್ರಕಟಿಸಿದವರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗಣಿತಜ್ಞರೂ ಇದ್ದರು. ಉತ್ತರ ಮಾತ್ರ ಬರೆದರೆ ನಮಗೆ ಎಷ್ಟು ಮಾರ್ಕ್ಸ್ ಕೊಡ್ತಾರೆ ಅಂತ ನಿಮಗೇ ಗೊತ್ತು.

ಜಗಲಿಯ ವಿಶೇಷ ಏನಂದ್ರೆ ಅದು ಮನೆಯ ಒಳಗೂ ಅಲ್ಲ, ಬೀದಿಯೂ ಅಲ್ಲ. ಅಲ್ಲಿ ಕೂತವರು ಯಾರ ಜೊತೆಗೂ ಮಾತಾಡಬೇಕಾಗಿಲ್ಲ, ಆದರೆ ಎಲ್ಲರ ಕಣ್ಣಿಗೂ ಬೀಳುತ್ತಾರೆ. ದೇವಸ್ಥಾನಕ್ಕೆ ಹೋಗುವವರು, ತರಕಾರಿ ಮಾರುವವರು, ಪಕ್ಕದ ಮನೆಯ ಹುಡುಗರು ಎಲ್ಲರೂ ಆ ಫೇಲಾದ ಹುಡುಗನನ್ನು ದಿನಾ ನೋಡಿರಬೇಕು. ಕೆಲವರು ಮನಸ್ಸಿನಲ್ಲೇ ಬೈದುಕೊಂಡಿರಲೂಬಹುದು. ಆದರೂ ದಿನಾ ಯಾರಾದರೊಬ್ಬರು ನೋಡುತ್ತಿದ್ದರು. ಬೀದಿಯೇ ಎದುರಿಗಿರುವಾಗ ಕಣ್ಮರೆಯಾಗಿ ಕೂರುವುದು ಅಷ್ಟು ಸುಲಭವಲ್ಲ.

ಹಾಗಂತ ಆ ಮನೆಯನ್ನು ಸ್ವರ್ಗ ಮಾಡುವುದು ಬೇಡ. ಅದೇ ಮನೆಯಿಂದಲೇ ಅವರು ಓಡಿಹೋಗಿದ್ದು. 1909ರ ಜುಲೈ 14ರಂದು ತಾಯಿ ಅವರಿಗೆ ಮದುವೆ ಮಾಡಿಸಿದರು, ಹುಡುಗಿ ಜಾನಕಿಗೆ ಆಗ ಹತ್ತು ವರ್ಷ. ಮುಂದಿನ ವರ್ಷ ಅವರಿಗೆ ಆಪರೇಷನ್ ಆಗಬೇಕಾಯಿತು, ಮನೆಯಲ್ಲಿ ದುಡ್ಡಿಲ್ಲದೆ ಡಾಕ್ಟರೊಬ್ಬರು ಉಚಿತವಾಗಿ ಮಾಡಿದರು. ಇನ್ನು ಜಗಲಿಯಲ್ಲಿ ಕೂತರೆ ಆಗಲ್ಲ ಅನ್ನುವ ಸ್ಥಿತಿ. ನೋಟ್‌ಬುಕ್ಕುಗಳನ್ನು ಕಂಕುಳಲ್ಲಿಟ್ಟುಕೊಂಡು ಕೆಲಸ ಹುಡುಕಲು ಹೊರಟರು.

ಆ ನೋಟ್‌ಬುಕ್ಕುಗಳೇ ಅವರ ರೆಸ್ಯೂಮೆ. ತಿರುಕ್ಕೋಯಿಲೂರಿನಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದ, ಭಾರತೀಯ ಗಣಿತ ಸಂಘವನ್ನು ಕಟ್ಟಿದ ರಾಮಸ್ವಾಮಿ ಅಯ್ಯರ್ ಅವನ್ನು ನೋಡಿ ಬೆರಗಾದರು. ಕೈಯಿಂದ ಕೈಗೆ ಹೋಗಿ ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ಅವರನ್ನು ತಲುಪಿದರು. ಅವರು ಸ್ವಲ್ಪ ಕಾಲ ತಿಂಗಳಿಗೆ 25 ರೂಪಾಯಿ ತಮ್ಮ ಕೈಯಿಂದಲೇ ಕೊಟ್ಟರು. 1911ರಲ್ಲಿ ಬರ್ನೂಲಿ ಸಂಖ್ಯೆಗಳ ಮೇಲೆ ಮೊದಲ ಪೇಪರ್ ಪ್ರಕಟವಾಯಿತು. 1912ರ ಮಾರ್ಚ್ 1ರಂದು ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ 30 ರೂಪಾಯಿಯ ಗುಮಾಸ್ತೆ ಕೆಲಸ ಸಿಕ್ಕಿತು.

ಇಲ್ಲಿ ನಮ್ಮವರ ಪಾತ್ರ ಬರುತ್ತದೆ. ಪೋರ್ಟ್ ಟ್ರಸ್ಟಿನ ಮುಖ್ಯಸ್ಥ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಒಬ್ಬ ಇಂಜಿನಿಯರ್. ಈ ಗುಮಾಸ್ತನ ತಲೆಯಲ್ಲಿ ಏನೋ ಇದೆ ಅಂತ ನಂಬಿದವರಲ್ಲಿ ಅವರೂ ಒಬ್ಬರು. ಮದ್ರಾಸ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಪ್ರೊಫೆಸರ್ ಆಗಿದ್ದ ಗ್ರಿಫಿತ್, ಲಂಡನ್ನಿನ ತಮ್ಮ ಹಳೆಯ ಗಣಿತದ ಮೇಷ್ಟ್ರಿಗೆ ಇವರ ಬಗ್ಗೆ ಪತ್ರ ಬರೆದರು. ಇವರಿಗೆಲ್ಲ ಆ ಗಣಿತ ಪೂರ್ತಿ ಅರ್ಥವಾಗಿರಲಿಲ್ಲ. ಅರ್ಥವಾಗುವವರಿಗೆ ತಲುಪಿಸಬೇಕು ಅನ್ನುವುದು ಮಾತ್ರ ಅರ್ಥವಾಗಿತ್ತು.

1913ರ ಜನವರಿ 16ರಂದು ರಾಮಾನುಜನ್ ಕೇಂಬ್ರಿಡ್ಜಿನ ಹಾರ್ಡಿಯವರಿಗೆ ಪತ್ರ ಬರೆದು ಸುಮಾರು ನೂರಿಪ್ಪತ್ತು ಸೂತ್ರಗಳನ್ನು ಕಳಿಸಿದರು. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಮದ್ರಾಸ್ ವಿಶ್ವವಿದ್ಯಾನಿಲಯ ತಿಂಗಳಿಗೆ 75 ರೂಪಾಯಿ ಸ್ಕಾಲರ್‌ಶಿಪ್ ಕೊಟ್ಟಿತು. ಸಮುದ್ರ ದಾಟಬಾರದು ಅನ್ನುವ ಕಟ್ಟುಪಾಡು ಮೀರಿ, ಶಿಖೆ ಕತ್ತರಿಸಿಕೊಂಡು, 1914ರ ಮಾರ್ಚ್ 17ರಂದು ಹಡಗು ಹತ್ತಿದರು.

ಕೇಂಬ್ರಿಡ್ಜಿನ ಐದು ವರ್ಷ ಕೆಲಸದ ಲೆಕ್ಕದಲ್ಲಿ ಅದ್ಭುತ. ಒಂದು ಉದಾಹರಣೆ ನೋಡಿ. 4 ಅನ್ನು ಎಷ್ಟು ರೀತಿಯಲ್ಲಿ ಕೂಡಿಸಿ ಬರೆಯಬಹುದು? 4, 3+1, 2+2, 2+1+1, 1+1+1+1, ಒಟ್ಟು ಐದು. 200ಕ್ಕೆ? ಉತ್ತರ 39,72,99,90,29,388, ಅಂದರೆ ಸುಮಾರು 4 ಲಕ್ಷ ಕೋಟಿ. ಇದನ್ನು ಪಟ್ಟಿ ಮಾಡದೆ ಲೆಕ್ಕ ಹಾಕುವ ಸೂತ್ರವನ್ನು ಹಾರ್ಡಿ ಮತ್ತು ರಾಮಾನುಜನ್ 1918ರಲ್ಲಿ ಪ್ರಕಟಿಸಿದರು. ಇನ್ನೊಂದು ಉದಾಹರಣೆ, 1914ರಲ್ಲಿ ಅವರು ಪ್ರಕಟಿಸಿದ ಪೈ ಸರಣಿ. ಅದರ ಒಂದೊಂದು ಪದಕ್ಕೂ ಸುಮಾರು 8 ಅಂಕಿ ಸರಿಯಾಗಿ ಸಿಗುತ್ತವೆ. 1985ರಲ್ಲಿ ಕಂಪ್ಯೂಟರಿನಲ್ಲಿ ಆ ಸರಣಿಯನ್ನೇ ಹಾಕಿ ಪೈಯ 1 ಕೋಟಿ 75 ಲಕ್ಷ ಅಂಕಿಗಳನ್ನು ತೆಗೆದರು. ಕೋಡಿಂಗ್ ಬರುವವರು ಒಂದು ಲೂಪ್ ಬರೆದು ನೋಡಿ, ಮೊದಲ ಎರಡು ಪದಕ್ಕೇ ನಿಮ್ಮ ಡಬಲ್ ವೇರಿಯಬಲ್ ತುಂಬಿಹೋಗುತ್ತದೆ.

ಆದರೆ ವಾಸದ ಲೆಕ್ಕ ಬೇರೆ. ಟ್ರಿನಿಟಿ ಕಾಲೇಜಿನ ಕಲ್ಲಿನ ಕಟ್ಟಡದಲ್ಲಿ ಒಬ್ಬರೇ ಇರುವ ಕೋಣೆ. ಒಳ್ಳೆಯ ಕೋಣೆಯೇ, ಚಳಿ ತಡೆಯಲು ಕಟ್ಟಿದ್ದು. ಅದಕ್ಕೇ ಅದರ ಬಾಗಿಲು ಮುಚ್ಚಿರಬೇಕು. ಚಳಿಯಲ್ಲಿ ರಾತ್ರಿ ನಡುಗುತ್ತಿದ್ದ ರಾಮಾನುಜನ್ ಕಂಬಳಿಗಳ ಮೇಲೆ ಮಲಗುತ್ತಿದ್ದರು. ಅವುಗಳ ಒಳಗೆ ತೂರಿಕೊಳ್ಳಬೇಕು ಅನ್ನುವುದನ್ನು ಮುಂದೆ ದೊಡ್ಡ ಸಂಖ್ಯಾಶಾಸ್ತ್ರಜ್ಞರಾದ ಮಹಲನೋಬಿಸ್ ತೋರಿಸಿಕೊಟ್ಟರು. ಅವರು ಕೋಣೆಗೆ ಹೋಗಿದ್ದರಿಂದ ಗೊತ್ತಾಯಿತು, ಇಲ್ಲದಿದ್ದರೆ ಯಾರಿಗೆ ಗೊತ್ತಾಗಬೇಕು? ಯುದ್ಧ ಶುರುವಾಯಿತು. ಸಸ್ಯಾಹಾರಿಯಾದ ಅವರು ಕೋಣೆಯಲ್ಲೇ ಒಬ್ಬರೇ ಅಡುಗೆ ಮಾಡಿಕೊಳ್ಳುತ್ತಿದ್ದರು, ಬೇಕಾದ ಸಾಮಾನು ಸಿಗುತ್ತಿರಲಿಲ್ಲ. ಊರಿನ ಮನೆಯಲ್ಲಿ ಅತ್ತೆ ಸೊಸೆಗೆ ಆಗುತ್ತಿರಲಿಲ್ಲ, ಜಾನಕಿ ಬರೆದ ಪತ್ರಗಳು ಗಂಡನಿಗೆ ತಲುಪುತ್ತಿರಲಿಲ್ಲ. 1917ರಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು.

1918ರ ಆರಂಭದಲ್ಲಿ ಅವರು ಲಂಡನ್ನಿನಲ್ಲಿ ಸುರಂಗ ರೈಲಿನ ಹಳಿಗೆ ಬಿದ್ದು ಪ್ರಾಣ ಕಳೆದುಕೊಳ್ಳಲು ಹೋದರು. ನಿಲ್ದಾಣದ ಗಾರ್ಡ್ ಒಬ್ಬರು ನೋಡಿದ್ದರಿಂದ ರೈಲು ನಿಂತಿತು, ಬದುಕಿದರು. ಇದನ್ನು ಬರೆಯಬೇಕೋ ಬೇಡವೋ ಅಂತ ನಾವು ಬಹಳ ಹೊತ್ತು ಮಾತಾಡಿಕೊಂಡ್ವಿ. ಬಿಟ್ಟರೆ ಅವರ ಜೀವನ ಪೋಸ್ಟರ್ ಥರ ಆಗಿಬಿಡುತ್ತದೆ. ಅದೇ ವರ್ಷ ಅವರು ರಾಯಲ್ ಸೊಸೈಟಿಯ ಫೆಲೋ ಆದರು. ಆ ಗೌರವ ಪಡೆದ ಎರಡನೇ ಭಾರತೀಯ ಅವರು. ಮೊದಲನೆಯವರು ಮುಂಬೈಯ ಹಡಗು ಇಂಜಿನಿಯರ್ ಅರ್ದಶೀರ್ ಕರ್ಸೆಟ್‌ಜಿ. ಅಕ್ಟೋಬರಿನಲ್ಲಿ ಟ್ರಿನಿಟಿಯ ಫೆಲೋ ಕೂಡ ಆದರು. ಎಲ್ಲದರಲ್ಲೂ ಫೇಲಾದಾಗ ಬೀದಿಯ ಕಣ್ಣೆದುರು ಕೂತಿದ್ದವರು, ಎಲ್ಲಾ ಪಾಸಾದ ವರ್ಷ ಅಷ್ಟು ಒಂಟಿಯಾಗಿದ್ದರು. ಇದಕ್ಕೆ ಕೋಣೆಯೊಂದೇ ಕಾರಣ ಅಂತ ನಾವು ಹೇಳುತ್ತಿಲ್ಲ. ಕಾಯಿಲೆ ಇತ್ತು, ಯುದ್ಧ ಇತ್ತು. ಆದರೆ ಮುಚ್ಚಿದ ಬಾಗಿಲಿನ ಹಿಂದೆ ಏನಾಗುತ್ತಿದೆ ಅಂತ ಹೊರಗಿನವರಿಗೆ ಕಾಣುವುದಿಲ್ಲ, ಇದಂತೂ ನಿಜ.

1919ರ ಮಾರ್ಚಿನಲ್ಲಿ ಭಾರತಕ್ಕೆ ವಾಪಸ್ ಬಂದರು. ಕಾವೇರಿ ದಡದ ಕೊಡುಮುಡಿಯಲ್ಲಿ ಸ್ವಲ್ಪ ದಿನ, ಆಮೇಲೆ ಮತ್ತೆ ಕುಂಭಕೋಣಂ, ಕೊನೆಗೆ ಮದ್ರಾಸಿನ ಚೆಟ್‌ಪೇಟ್. ಜಾನಕಿ ಪಕ್ಕದಲ್ಲೇ ಇದ್ದು ನೋಡಿಕೊಂಡರು. ಜ್ವರದಲ್ಲೂ ಲೆಕ್ಕ ನಿಲ್ಲಲಿಲ್ಲ, 1920ರ ಜನವರಿಯಲ್ಲಿ ಹಾರ್ಡಿಯವರಿಗೆ ಬರೆದ ಕೊನೆಯ ಪತ್ರದಲ್ಲೂ ಹೊಸ ಗಣಿತವೇ ಇತ್ತು. ಏಪ್ರಿಲ್ 26ರಂದು ತೀರಿಕೊಂಡರು. 32 ವರ್ಷ. ಆ ಕೊನೆಯ ವರ್ಷದ ಹಾಳೆಗಳು ಟ್ರಿನಿಟಿಯ ಲೈಬ್ರರಿಯಲ್ಲಿ 1976ರಲ್ಲಿ ಜಾರ್ಜ್ ಆಂಡ್ರ್ಯೂಸ್ ಕಣ್ಣಿಗೆ ಬಿದ್ದವು. ಜಾನಕಿಯವರು ಬಟ್ಟೆ ಹೊಲಿದು ಮದ್ರಾಸಿನಲ್ಲಿ ಜೀವನ ಮಾಡಿದರು, 1994ರವರೆಗೆ ಬದುಕಿದ್ದರು.

ಕುಂಭಕೋಣಂನ ಮನೆಯನ್ನು 2003ರಲ್ಲಿ ಶಾಸ್ತ್ರ ವಿಶ್ವವಿದ್ಯಾನಿಲಯ ಕೊಂಡು ಸ್ಮಾರಕವಾಗಿ ಉಳಿಸಿತು. ಆಗ ರಾಷ್ಟ್ರಪತಿಯಾಗಿದ್ದ ಅಬ್ದುಲ್ ಕಲಾಂ ಅದನ್ನು ದೇಶಕ್ಕೆ ಅರ್ಪಿಸಿದರು. 2005ರಿಂದ ಆ ವಿಶ್ವವಿದ್ಯಾನಿಲಯ ಯುವ ಗಣಿತಜ್ಞರಿಗೆ ರಾಮಾನುಜನ್ ಹೆಸರಲ್ಲಿ ಪ್ರಶಸ್ತಿ ಕೊಡುತ್ತಿದೆ. ವಯಸ್ಸಿನ ಮಿತಿ 32.

ನಾವು ಆ ಮನೆಯಿಂದ ಹೊರಗೆ ಬಂದಾಗ ಗೆಳೆಯ ಜಗಲಿಯ ಹತ್ತಿರ ನಿಂತುಕೊಂಡಿದ್ದ. ರಾಮಾನುಜನ್ ಮ್ಯಾಥ್ಸ್ ಬಿಟ್ಟು ಉಳಿದದ್ದರಲ್ಲಿ ಫೇಲು, ನಾನು ಮ್ಯಾಥ್ಸಲ್ಲೇ ಫೇಲು ಅಂತ ಅವನೇ ಜೋಕ್ ಮಾಡಿದ. ನಾಲ್ಕು ದಿನದ ನಂತರ ಅವನು ನಕ್ಕಿದ್ದು ಅದೇ ಮೊದಲು. ಅವನ ಮಾತು ಸರಿಯೇ. ಫೇಲಾದವರೆಲ್ಲ ರಾಮಾನುಜನ್ ಆಗುವುದಿಲ್ಲ. ಬ್ಯಾಕ್‌ಲಾಗ್ ಕ್ಲಿಯರ್ ಮಾಡಲೇಬೇಕು, ಅವನು ಈಗ ಅದಕ್ಕೆ ಓದುತ್ತಿದ್ದಾನೆ. ಆದರೆ ಫೇಲಾದವರಿಗೆಲ್ಲ ಕೂರಲು ಒಂದು ಜಾಗ ಬೇಕು, ಯಾರೂ ಪ್ರಶ್ನೆ ಕೇಳದ, ಆದರೆ ಯಾರಾದರೂ ನೋಡುತ್ತಿರುವ ಜಾಗ.

ನಮ್ಮ ಹಾಸ್ಟೆಲ್ ಕಟ್ಟಿದವರು ಜಗಲಿ ಇಟ್ಟಿಲ್ಲ. ಉದ್ದ ಕಾರಿಡಾರ್, ಎರಡೂ ಕಡೆ ಬಾಗಿಲು. ಅದಕ್ಕೆ ನಾವು ಫ್ಲೋರಿನ ಕೊನೆಯಲ್ಲಿ, ಮೆಟ್ಟಿಲ ಪಕ್ಕ ಕಿಟಕಿ ಇರುವ ಕಡೆ, ಎರಡು ಹಳೆ ಬೆಂಚು ಎಳೆದು ಹಾಕಿದ್ದೀವಿ. ಸಂಜೆ ಆರರ ಮೇಲೆ ಅಲ್ಲಿ ಯಾರಾದರೂ ಒಬ್ಬರು ಇದ್ದೇ ಇರ್ತೀವಿ. ಮಾತಾಡಲೇಬೇಕು ಅಂತೇನಿಲ್ಲ. ಈ ಸಲದ ರಿಸಲ್ಟ್ ಬಂದಾಗ ಯಾವುದಾದರೂ ಬಾಗಿಲು ಮುಚ್ಚಿದ್ದು ಕಂಡರೆ, ಒಂದು ಸಲ ತಟ್ಟಿ ವಾಪಸ್ ಬರಬೇಡಿ.